ಆಡುತ್ತ ಉಳಿದವರು

ನಮ್ಮ ತಂದೆ ಆಗಾಗ ಒಂದು ಮಾತು ಹೇಳುತ್ತಿದ್ದರು: "ನಾನು ಮದರಾಸಿನಲ್ಲಿ ಹುಟ್ಟಿದೆ, ಮೈಸೂರಿನಲ್ಲಿ ದೊಡ್ಡವನಾದೆ, ಕರ್ನಾಟಕದಲ್ಲಿ ಮುದುಕನಾದೆ. ಮನೆ ಮಾತ್ರ ಒಂದು ಸಲವೂ ಬದಲಾಯಿಸಲಿಲ್ಲ." ಕೊಳ್ಳೇಗಾಲದವರಿಗೆ ಈ ಮಾತು ಒಗಟಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಯಳಂದೂರು ಮಾತ್ರ ಮೈಸೂರು ಸೀಮೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು ಅದು. ಅಂದರೆ ಅಜ್ಜಿ ಯಳಂದೂರಿನ ತವರಿಗೆ ಹೋಗಿಬರುವಾಗಲೆಲ್ಲ ಒಂದು ಸರ್ಕಾರ ಬಿಟ್ಟು ಇನ್ನೊಂದು ಸರ್ಕಾರಕ್ಕೆ ಹೋಗಿಬರುತ್ತಿದ್ದಳು. ಅವಳಿಗೆ ಅದು ಗೊತ್ತಾಗುತ್ತಿತ್ತೋ ಇಲ್ಲವೋ. ಎರಡೂ ಕಡೆ ಒಲೆಯೂ ಒಂದೇ, ಮಾತೂ ಒಂದೇ, ಮಾದಪ್ಪನೂ ಒಬ್ಬನೇ.

ಆದ್ದರಿಂದ ನವೆಂಬರ್ ಒಂದನೆಯ ತಾರೀಖು ನಮ್ಮ ಮನೆಯಲ್ಲಿ ಸಣ್ಣ ಹಬ್ಬವೇ ಆಗಿತ್ತು. ತಂದೆ ಬೆಳಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಧ್ವಜವಂದನೆ ನೋಡಿಕೊಂಡು ಬರುವಾಗ ಒಂದು ಪತ್ರಿಕೆ ಕೊಂಡು ತರುತ್ತಿದ್ದರು. ಉಳಿದ ದಿನಗಳಲ್ಲಿ ಪತ್ರಿಕೆ ಓದಬೇಕಾದರೆ ಹೋಟೆಲಿನ ಬೆಂಚಿಗೆ ಹೋಗಬೇಕಾಗಿತ್ತು. 1976ರಲ್ಲಿ ನನಗೆ ಹದಿನಾಲ್ಕು ವರ್ಷ. ಆ ವರ್ಷ ರಾಜ್ಯೋತ್ಸವದ ಮಾರನೆಯ ದಿನವೋ ಅದರಾಚೆಯ ದಿನವೋ ಮನೆಗೆ ಬಂದಿದ್ದ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರ ಕಂಡೆ. ಬಿಳಿ ಉಡುಪು ತೊಟ್ಟ ಹೆಣ್ಣುಮಗಳೊಬ್ಬಳು ಕ್ರಿಕೆಟ್ ಬ್ಯಾಟು ಹಿಡಿದು ನಿಂತಿದ್ದಳು. ಕೆಳಗೆ ಹೆಸರು: ಶಾಂತಾ ರಂಗಸ್ವಾಮಿ. ಭಾರತದ ಹೆಣ್ಣುಮಕ್ಕಳ ತಂಡದ ನಾಯಕಿ, ಬೆಂಗಳೂರಿನವಳು, ವಯಸ್ಸು ಇಪ್ಪತ್ತೆರಡು.

ನಾನು ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೋ! ಅಮ್ಮ ಅಡುಗೆ ಮನೆಯಿಂದ ಕೂಗಿದ್ದು ಕೇಳಿಸಲೇ ಇಲ್ಲ. ಅದಕ್ಕೆ ಕಾರಣವಿತ್ತು. ಅದೇ ವರ್ಷ ಜೂನಿನಲ್ಲಿ ನನ್ನ ಆಟ ನಿಂತುಹೋಗಿತ್ತು.

ಆಟವೆಂದರೆ ಮಹಾ ಏನಲ್ಲ. ಶಾಲೆಯಲ್ಲಿ ಖೊಖೊ, ಬೀದಿಯಲ್ಲಿ ಲಗೋರಿ. ನಮ್ಮ ಬೀದಿಯ ಮನೆಮನೆಯಲ್ಲೂ ರೇಷ್ಮೆಯ ಕೆಲಸ. ಒಂದು ಕಡೆ ನೂಲು ಬಿಚ್ಚುವ ರಾಟೆ, ಇನ್ನೊಂದು ಕಡೆ ಮಗ್ಗ. ಬೇಯುವ ಗೂಡಿನ ವಾಸನೆ ನಮಗೆ ವಾಸನೆಯೆನ್ನಿಸುತ್ತಲೇ ಇರಲಿಲ್ಲ. ಕೆಲಸ ಮುಗಿಸಿ ನಾಲ್ಕು ಹುಡುಗಿಯರು ಸೇರಿದರೆ ಕತ್ತಲಾಗುವವರೆಗೆ ಓಟವೇ ಓಟ. ನಾನು ದೊಡ್ಡವಳಾದ ಮೇಲೆ ಹದಿನಾರು ದಿನ ಮೂಲೆಯಲ್ಲಿ ಕೂರಿಸಿ, ಚಿಗಳಿ ತಿನ್ನಿಸಿ, ಆರತಿ ಎತ್ತಿ, ಹೊರಗೆ ಬಿಟ್ಟಾಗ ಬೀದಿ ಅದೇ ಇತ್ತು, ಗೆಳತಿಯರೂ ಅವರೇ ಇದ್ದರು. ಆದರೆ ಅಜ್ಜಿ ಬಾಗಿಲಿಗೆ ಅಡ್ಡ ಕೂತು, "ಬುಡು ಕೂಸು, ಇನ್ನ ಓಡಾಟ ಬುಡು. ಓಡಿ ಎಲ್ಲಿಗೆ ಹೋಗಬೇಕು ನೀನು?" ಎಂದಳು. ಅವಳು ಗದರಿಸಿ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ಗದರಿಸಿದ್ದರೆ ಎದುರು ಮಾತಾಡಬಹುದಿತ್ತು. ಪ್ರೀತಿಯಿಂದ ಹೇಳಿದ್ದಕ್ಕೆ ಏನೆಂದು ಉತ್ತರಿಸುವುದು?

ಅಂಥ ಹೊತ್ತಿನಲ್ಲಿ ಕಂಡ ಚಿತ್ರವದು. ಇಪ್ಪತ್ತೆರಡರ ಹೆಂಗಸು ಆಡುತ್ತಿದ್ದಾಳೆ, ಅದೂ ಕದ್ದು ಮುಚ್ಚಿಯಲ್ಲ, ಸಾವಿರ ಜನರ ಎದುರಿಗೆ! ತಂದೆ ಓದಿ ಮುಗಿಸಿದ ಮೇಲೆ ಆ ಚಿತ್ರವನ್ನು ಕತ್ತರಿಸಿ ಸಮಾಜ ಪಾಠದ ಪುಸ್ತಕದೊಳಗೆ ಇಟ್ಟುಕೊಂಡೆ. ಮಳೆಗಾಲದಲ್ಲಿ ಅದು ಗೆದ್ದಲಿಗೆ ಹೋಯಿತು. ಹೆಸರು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಆ ಹೆಸರಿನ ಹಿಂದಿನ ಚರಿತ್ರೆಯನ್ನು ಬಹಳ ಕಾಲದ ಮೇಲೆ, ನಾನೇ ಮೇಷ್ಟರಾದ ಮೇಲೆ, ಅಲ್ಲಲ್ಲಿ ಓದಿ ಕೂಡಿಸಿಕೊಂಡೆ. ನಮ್ಮ ದೇಶದಲ್ಲಿ ಹೆಂಗಸರ ಕ್ರಿಕೆಟ್ಟಿಗೆಂದು ಒಂದು ಸಂಘ ಹುಟ್ಟಿದ್ದು 1973ರಲ್ಲಿ. ಲಕ್ನೋದ ಮಹೇಂದ್ರ ಕುಮಾರ್ ಶರ್ಮ ಎಂಬುವರು ಅದಕ್ಕಾಗಿ ಓಡಾಡಿದವರು. ಆ ವರ್ಷ ಪುಣೆಯಲ್ಲಿ ನಡೆದ ಮೊದಲ ಅಂತರರಾಜ್ಯ ಪಂದ್ಯಾವಳಿಗೆ ಬಂದ ತಂಡಗಳು ಮೂರೇ ಮೂರು. ಮೂರು ವರ್ಷ ಕಳೆಯುವುದರೊಳಗೆ ಅದು ಟೆಸ್ಟ್ ಪಂದ್ಯಕ್ಕೆ ಬಂದು ನಿಂತಿತು. 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ಎದುರು ಭಾರತದ ಹೆಣ್ಣುಮಕ್ಕಳ ಮೊದಲ ಟೆಸ್ಟ್ ಆರಂಭವಾಯಿತು. ನವೆಂಬರ್ 2ರಂದು ಮುಗಿಯಿತು. ಎಂದರೆ ನಮ್ಮ ತಂದೆ ಇಸ್ತ್ರಿ ಪಂಚೆ ಉಟ್ಟು ಕೊಳ್ಳೇಗಾಲ ಕನ್ನಡನಾಡಿಗೆ ಸೇರಿದ ಇಪ್ಪತ್ತನೆಯ ವರ್ಷವನ್ನು ಆಚರಿಸುತ್ತಿದ್ದ ದಿನ ಆ ಪಂದ್ಯದ ನಡುವೆ ಬಂದಿತ್ತು. ಇದೊಂದು ಕಾಕತಾಳೀಯ, ನಿಜ. ಆದರೂ ನನಗೆ ಅದು ಇಷ್ಟ.

ಆ ಪಂದ್ಯ ಡ್ರಾ ಆಯಿತು. ಅದೇ ನವೆಂಬರ್ ತಿಂಗಳಲ್ಲಿ ಪಾಟ್ನಾದಲ್ಲಿ ನಡೆದ ಟೆಸ್ಟನ್ನು ಶಾಂತಾ ಅವರ ತಂಡ ಗೆದ್ದಿತು. ಭಾರತದ ಮಹಿಳೆಯರು ಗೆದ್ದ ಮೊದಲ ಟೆಸ್ಟ್ ಅದು. ಎರಡನೆಯ ಗೆಲುವಿಗಾಗಿ 2002ರವರೆಗೆ ಕಾಯಬೇಕಾಯಿತು ಎಂದರೆ ಮೊದಲಿನದರ ಬೆಲೆ ತಿಳಿಯುತ್ತದೆ. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ 108 ಓಟ ಗಳಿಸಿದರು. ಭಾರತದ ಮಹಿಳೆಯೊಬ್ಬಳು ಟೆಸ್ಟಿನಲ್ಲಿ ಹೊಡೆದ ಮೊದಲ ಶತಕ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಅವರೇ. ಅದು 1976ರ ಸಾಲಿನದು.

ಇಲ್ಲಿಯವರೆಗಿನದು ಎಲ್ಲರೂ ಹೇಳುವ ಕಥೆ. "ಮೊದಲು" ಎಂಬ ಮಾತು ಬಂದಲ್ಲೆಲ್ಲ ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ವರ್ಷಗಳು. 1977ರ ಜನವರಿಯಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಒಂದು ಟೆಸ್ಟ್ ಆಡಿ ಬಂದ ಮೇಲೆ ಭಾರತದ ಹೆಣ್ಣುಮಕ್ಕಳಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 1984ರಲ್ಲಿ. ಏಳು ವರ್ಷ! ನಡುವೆ 1978ರಲ್ಲಿ ಒಂದು, 1982ರಲ್ಲಿ ಒಂದು ವಿಶ್ವಕಪ್ ಬಂದು ಹೋದವು. 1982ರಲ್ಲಿ ನ್ಯೂಜಿಲೆಂಡಿಗೆ ಶಾಂತಾ ನಾಯಕಿಯಾಗಿ ಹೋಗಿದ್ದರು. ಉಳಿದಂತೆ ಕಾಯುವುದೇ ಕೆಲಸ. ಇಪ್ಪತ್ತಮೂರರಿಂದ ಮೂವತ್ತರವರೆಗಿನ ವರ್ಷಗಳು, ಆಟಗಾರರ ಬಾಳಿನಲ್ಲಿ ಮಾವಿನ ಮರಕ್ಕೆ ಹೂ ಬಿಡುವ ಕಾಲವಿದ್ದಂತೆ. ಅವೇ ವರ್ಷಗಳಲ್ಲಿ ಟೆಸ್ಟ್ ಪಂದ್ಯವೇ ಇಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಆ ಏಳು ವರ್ಷಗಳಲ್ಲಿ ಏನೇನು ನಡೆದುಹೋಗುತ್ತದೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ನನಗೆ ಮದುವೆಯಾಯಿತು, ಶಿಕ್ಷಕಿಯ ತರಬೇತಿಯಾಯಿತು, ಮಗಳು ಹುಟ್ಟಿದಳು.

1984ರಲ್ಲಿ ಆಸ್ಟ್ರೇಲಿಯಾದವರು ಇಲ್ಲಿಗೆ ಬಂದಾಗ ನಾಲ್ಕು ಟೆಸ್ಟ್‌ಗಳಿಗೂ ನಾಯಕಿ ಮತ್ತೆ ಅವರೇ. ಒಟ್ಟು 12 ಟೆಸ್ಟ್‌ಗಳಲ್ಲಿ ನಾಯಕಿಯಾಗಿ, 16 ಟೆಸ್ಟ್ ಆಡಿ, 750 ಓಟ, 21 ವಿಕೆಟ್. 1986ರಲ್ಲಿ ಇಂಗ್ಲೆಂಡಿನಲ್ಲಿ ಆಡಿ ಬಂದ ತಂಡಕ್ಕೆ ಮತ್ತೆ ನಾಲ್ಕೂವರೆ ವರ್ಷ ಟೆಸ್ಟ್ ಇಲ್ಲ. 1988ರ ವಿಶ್ವಕಪ್ಪಿಗೆ ಭಾರತ ಹೋಗಲೇ ಇಲ್ಲ. 1991ರ ಆರಂಭದಲ್ಲಿ ಮತ್ತೆ ಆಸ್ಟ್ರೇಲಿಯಾಕ್ಕೆ ತಂಡ ಹೊರಟಾಗ ಅದರಲ್ಲಿ ಶಾಂತಾ ಇದ್ದರು. ಆಗ ಅವರಿಗೆ ವಯಸ್ಸು ಮೂವತ್ತೇಳು. ಹದಿನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲದಲ್ಲಿ ಹದಿನಾರು ಟೆಸ್ಟ್! ಈಗಿನ ಗಂಡಸರ ತಂಡದವರು ಒಂದೂವರೆ ಎರಡು ವರ್ಷದಲ್ಲಿ ಆಡಿ ಮುಗಿಸುವಷ್ಟು.

ಇದರಲ್ಲಿ ದುಡ್ಡಿನ ಮಾತು ಬೇರೆ. ಆ ಕಾಲದ ಹೆಣ್ಣುಮಕ್ಕಳಿಗೆ ಪಂದ್ಯಕ್ಕಿಷ್ಟು ಎಂಬ ಸಂಭಾವನೆ ಇರಲಿಲ್ಲ. ಕಾಯ್ದಿರಿಸದ ರೈಲು ಡಬ್ಬಿಯಲ್ಲಿ ಪ್ರಯಾಣ, ದೊಡ್ಡ ಹಜಾರಗಳ ನೆಲದ ಮೇಲೆ ನಿದ್ದೆ, ಇದ್ದ ಒಂದೆರಡು ಒಳ್ಳೆಯ ಬ್ಯಾಟುಗಳನ್ನು ಹಂಚಿಕೊಂಡು ಆಟ. ಇದನ್ನೆಲ್ಲ ಶಾಂತಾ ಅವರೂ ಅವರ ಜೊತೆಯವರೂ ಎಷ್ಟೋ ಸಲ ಹೇಳಿಕೊಂಡಿದ್ದಾರೆ, ಗೋಳಾಗಿ ಅಲ್ಲ, ನಗುನಗುತ್ತಲೇ. ಅನ್ನ ಕೊಟ್ಟದ್ದು ಆಟವಲ್ಲ, ಬ್ಯಾಂಕಿನ ಕೆಲಸ. ಕೆನರಾ ಬ್ಯಾಂಕಿನಲ್ಲಿ ದುಡಿದು ಉನ್ನತ ಹುದ್ದೆಯವರೆಗೆ ಏರಿದವರು ಅವರು. ಕೂಡುಕುಟುಂಬದ ಅಂಗಳದಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಜೊತೆ ಟೆನಿಸ್ ಚೆಂಡಿನಲ್ಲಿ ಆಡಿ ಕಲಿತವರು. ಎಂದರೆ ಅವರಿಗೆ ಒಂದು ಅಂಗಳವಿತ್ತು, ಆಡು ಎನ್ನುವ ಮನೆಯವರಿದ್ದರು, ಮುಂದೆ ಒಂದು ಸಂಬಳವಿತ್ತು. ಈ ಮೂರನ್ನೂ ನಾನು ಬೆರಳು ಮಡಿಸಿ ಎಣಿಸುವುದಕ್ಕೆ ಕಾರಣವಿದೆ; ಆಮೇಲೆ ಹೇಳುತ್ತೇನೆ.

ದುಡ್ಡಿಲ್ಲದೆ ವರ್ಷಾನುಗಟ್ಟಲೆ ಆಡುವುದು ನಮ್ಮ ದೇಶದ ಬಡತನದ ಮಾತು ಮಾತ್ರವೇನೂ ಅಲ್ಲ. ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಎಂಬ ಆಟವಿದೆ. ಚೆಂಡನ್ನು ಕಾಲಲ್ಲೂ ಒದೆಯಬಹುದು, ಕೈಯಲ್ಲೂ ಹಿಡಿಯಬಹುದು. ಇಂಗ್ಲಿಷರ ಆಳ್ವಿಕೆಯಲ್ಲಿ ತಮ್ಮ ಆಟಗಳು ಅಳಿಸಿಹೋಗುತ್ತಿವೆಯೆಂದು ಅಲ್ಲಿಯ ಕೆಲವರು ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಸೇರಿ ಸಂಘ ಕಟ್ಟಿದರು. ಅದು 1884ರ ನವೆಂಬರ್ 1. ಮತ್ತೆ ಅದೇ ತಾರೀಖು! ಅಲ್ಲಿ ಆಟಗಾರರು ತಮ್ಮ ತಮ್ಮ ಜಿಲ್ಲೆಯ ಪರವಾಗಿ ಆಡುತ್ತಾರೆ, ಸಂಬಳವಿಲ್ಲದೆ. ಡಬ್ಲಿನ್ ನಗರದ ಮೈದಾನದಲ್ಲಿ ಎಂಬತ್ತು ಸಾವಿರ ಜನರ ಮುಂದೆ ಫೈನಲ್ ಆಡಿದವನು ರಜೆ ಮುಗಿದ ಮೇಲೆ ತನ್ನ ಕೆಲಸಕ್ಕೆ ಹೋಗುತ್ತಾನೆ. ಡಬ್ಲಿನ್ ತಂಡದ ಗೋಲಿ ಸ್ಟೀಫನ್ ಕ್ಲಕ್ಸ್‌ಟನ್ 2001ರಲ್ಲಿ ಆಡಲು ಶುರುಮಾಡಿ 2023ರಲ್ಲಿ, ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, ಒಂಬತ್ತನೆಯ ಸಲ ಅಖಿಲ ಐರ್ಲೆಂಡ್ ಕಪ್ ಗೆದ್ದ. ವೃತ್ತಿಯಲ್ಲಿ ಆತ ಶಾಲಾ ಮೇಷ್ಟರು. ಇದನ್ನು ಓದಿದಾಗ ಆತ ನನಗೆ ದೂರದ ನಂಟನಂತೆ ಕಂಡ. ನಾವು ಮೇಷ್ಟರುಗಳು ಎಲ್ಲಿದ್ದರೂ ಒಂದೇ ಜಾತಿ ನೋಡಿ!

ಅಲ್ಲಿಯ ಹೆಣ್ಣುಮಕ್ಕಳು ತಮ್ಮದೇ ಸಂಘ ಕಟ್ಟಿಕೊಂಡದ್ದು 1974ರಲ್ಲಿ, ಅದೇ ಥರ್ಲ್ಸಿನ ಹೋಟೆಲಿನಲ್ಲಿ. ಗಂಡಸರಿಗಿಂತ ತೊಂಬತ್ತು ವರ್ಷ ತಡವಾಗಿ. ನಮ್ಮ ಹೆಣ್ಣುಮಕ್ಕಳ ಕ್ರಿಕೆಟ್ ಸಂಘಕ್ಕಿಂತ ಒಂದು ವರ್ಷ ತಡವಾಗಿ. ಮುಂದುವರಿದ ದೇಶ, ಹಿಂದುಳಿದ ದೇಶ ಎಂದು ನಾವು ಗೆರೆ ಎಳೆಯುತ್ತೇವಲ್ಲ, ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಆ ಗೆರೆ ಎಷ್ಟೋ ಸಲ ಅಳಿಸಿಹೋಗುತ್ತದೆ. ಮೇಯೊ ಎಂಬ ಜಿಲ್ಲೆಯ ಕೋರಾ ಸ್ಟಾಂಟನ್ ಎಂಬ ಹುಡುಗಿ 1995ರಲ್ಲಿ, ಹದಿಮೂರನೆಯ ವಯಸ್ಸಿಗೇ ದೊಡ್ಡವರ ತಂಡ ಸೇರಿ, ಎರಡು ದಶಕಕ್ಕೂ ಹೆಚ್ಚು ಕಾಲ ಆ ಜಿಲ್ಲೆಗಾಗಿ ಆಡಿದಳು, ನಾಲ್ಕು ಸಲ ದೇಶದ ಕಪ್ ತಂದುಕೊಟ್ಟಳು.

ಹದಿಮೂರು ವರ್ಷ. ಈ ಸಂಖ್ಯೆಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನನಗೆ ಹನೂರು ನೆನಪಾಯಿತು.

ನಾನು 1985ರಿಂದ ಹದಿಮೂರು ವರ್ಷ ಹನೂರಿನ ಕಡೆಯ ಶಾಲೆಯೊಂದರಲ್ಲಿ ಕೆಲಸ ಮಾಡಿದೆ. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇತ್ತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ, ಹನೂರು ತನ್ನದೇ ತಾಲ್ಲೂಕಾದದ್ದು ಇತ್ತೀಚೆಗೆ. ಮಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸುಗಳೆಲ್ಲ ನಮ್ಮ ಊರಿನ ಮೇಲೆಯೇ ಹೋಗಬೇಕು. ಶಿವರಾತ್ರಿ, ದೀಪಾವಳಿ, ಯುಗಾದಿ ಬಂತೆಂದರೆ ನಡೆದು ಹೋಗುವ ಪರಸೆಯ ಜನ, "ಉಘೇ ಮಾದಪ್ಪ" ಎಂಬ ಕೂಗು. ಶಾಲೆಯ ಮುಂದೆ ಒಂದು ಬಯಲು. ಕಲ್ಲು ಆರಿಸಿ, ಎರಡು ಕಂಬ ನೆಟ್ಟು, ಖೊಖೊ ಅಂಕಣ ಮಾಡಿದೆ. ನಾನು ಆಡಲಾಗದ ಆಟವನ್ನು ಆಡಿಸುವ ಆಸೆ ಎಂದರೆ ಸರಿಯಾದೀತು.

ಆ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ; ಈಗ ಅವಳು ಎಲ್ಲೋ ಒಂದು ಮನೆಯ ಯಜಮಾನಿ. ಏಳನೆಯ ತರಗತಿ, ಹದಿಮೂರು ವರ್ಷ, ಕೋಲಿನಂಥ ಕಾಲು. ಕಂಬದ ಹತ್ತಿರ ಅವಳು ತಿರುಗುವುದನ್ನು ನೋಡಬೇಕಿತ್ತು. ಒಂದು ಕೈ ಕಂಬದ ಮೇಲೆ, ಮೈಯೆಲ್ಲ ಗಾಳಿಯಲ್ಲಿ, ಅಟ್ಟಿಸಿಕೊಂಡು ಬಂದವಳ ಕೈಗೆ ಬರೀ ದೂಳು. ಅವಳನ್ನು ಮುಂದಿಟ್ಟುಕೊಂಡು ಕೊಳ್ಳೇಗಾಲದ ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗುವುದೆಂದು ನಿಶ್ಚಯಿಸಿದೆ. ಅದು 1992ನೇ ಇಸವಿ.

ಆ ವರ್ಷ ನಮ್ಮ ಕಡೆ ಹೇಗಿತ್ತೆಂಬುದು ಆಗ ಪತ್ರಿಕೆ ಓದುತ್ತಿದ್ದವರಿಗೆಲ್ಲ ನೆನಪಿರಬೇಕು. ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ನುಗ್ಗಿ ಪೊಲೀಸರನ್ನು ಕೊಂದಿತ್ತು. ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತವರ ಜೊತೆಯವರನ್ನು ಹೊಂಚು ಹಾಕಿ ಕೊಂದರು. ರಾಮಾಪುರವೂ ಮೀಣ್ಯವೂ ನಮಗೆ ಪತ್ರಿಕೆಯೊಳಗಿನ ಹೆಸರುಗಳಲ್ಲ. ನಮ್ಮ ಮಕ್ಕಳ ನೆಂಟರಿಷ್ಟರ ಊರುಗಳು. ಹೊತ್ತು ಮುಳುಗಿದ ಮೇಲೆ ಬೀದಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ. ಸೌದೆಗೆ ಕಾಡಿಗೆ ಹೋದ ಹೆಂಗಸರನ್ನು ಒಬ್ಬರು "ನೀವು ಅವನ ಕಡೆಯವರಾ?" ಎಂದರೆ ಇನ್ನೊಬ್ಬರು "ನೀವು ಪೊಲೀಸರ ಕಡೆಯವರಾ?" ಎಂದು ಕೇಳುವ ಕಾಲ.

ಕ್ರೀಡಾಕೂಟಕ್ಕೆ ವಾರವಿರುವಾಗ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, "ತಪ್ಪು ತಿಳೀಬ್ಯಾಡಿ ಮೇಡಮ್ಮೋರೆ, ಹೆಣ್ಣುಕೂಸ ಈ ಕಾಲದಲ್ಲಿ ಬಸ್ ಹತ್ತಸನಾರೆ" ಎಂದರು. ನಾನು ಏನು ಹೇಳಲಿ? ಅವರ ಭಯ ಸುಳ್ಳಿನದಲ್ಲ. ನನ್ನ ಮಗಳನ್ನೇ ನಾನು ಕೊಳ್ಳೇಗಾಲದಲ್ಲಿ ಅಮ್ಮನ ಹತ್ತಿರ ಬಿಟ್ಟಿದ್ದೆ. "ಆಗಲಿ, ನೀವು ಹೇಳುವುದೂ ಸರಿ" ಎಂದೆ. ಅವಳು ಬರುವುದಿಲ್ಲವೆಂದು ತಿಳಿದ ಮೇಲೆ ಉಳಿದ ಮನೆಯವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಣಕ್ಕಿಳಿಯಲು ಒಂಬತ್ತು ಜನ ಬೇಕು, ಉಳಿದವರು ಏಳು. ತಂಡ ಹೋಗಲಿಲ್ಲ.

ಇದನ್ನು ಇಲ್ಲಿಗೇ ನಿಲ್ಲಿಸಿದರೆ ತಪ್ಪೆಲ್ಲ ಕಾಲದ್ದು, ಕಾಡಿನದ್ದು, ವೀರಪ್ಪನದ್ದು ಆಗುತ್ತದೆ. ಹಾಗೆಂದೇ ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಒಂದು ಸಂಗತಿ ಬಿಟ್ಟುಹೋಗಿದೆ. ಅದೇ ಶುಕ್ರವಾರ ಬೆಳಗ್ಗೆ, ಅದೇ ಏಳೂವರೆಯ ಬಸ್ಸಿನಲ್ಲಿ, ನಮ್ಮ ಶಾಲೆಯ ಗಂಡುಹುಡುಗರ ತಂಡ ಕೊಳ್ಳೇಗಾಲಕ್ಕೆ ಹೋಯಿತು. ಹತ್ತಿಸಿ ಕಳಿಸಿದವಳು ನಾನೇ. ಅವರಿಗೆ ಬುತ್ತಿ ಕಟ್ಟಿಸಿದವಳೂ ನಾನೇ. ಗುಂಡಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ; ಇದು ನನಗೆ ಆ ದಿನ ಹೊಳೆಯಲಿಲ್ಲ. ಹೊಳೆದಿದ್ದರೂ ಆ ಮನೆಗೆ ಇನ್ನೊಂದು ಸಲ ಹೋಗಿ, ಜಗಲಿಯ ಮೇಲೆ ಕೂತು, "ನಾನು ಜೊತೆಯಲ್ಲಿರುತ್ತೇನೆ, ಕತ್ತಲಾಗುವುದರೊಳಗೆ ಮನೆ ಬಾಗಿಲಿಗೆ ತಂದು ಬಿಡುತ್ತೇನೆ" ಎನ್ನುವ ಧೈರ್ಯವಿತ್ತೋ ಇಲ್ಲವೋ. ನಾನು ಹೋಗಲಿಲ್ಲ. ಅಜ್ಜಿ ನನ್ನ ಬಾಗಿಲಿಗೆ ಕೂತಂತೆ ನಾನು ಆ ಹುಡುಗಿಯ ಬಾಗಿಲಿಗೆ ಕೂತೆ, ಅಷ್ಟೇ. ನಾನೂ ಪ್ರೀತಿಯಿಂದಲೇ ಕೂತೆ.

ಮಾರನೆಯ ವರ್ಷ ಅವಳು ಶಾಲೆಗೆ ಬರಲಿಲ್ಲ. ಮೂರು ವರ್ಷ ಕಳೆಯುವುದರೊಳಗೆ ಮದುವೆಯಾಯಿತೆಂದು ಕೇಳಿದೆ. ಹದಿನಾರು ತುಂಬಿತ್ತೋ ಇಲ್ಲವೋ. ಆಗ ಐರ್ಲೆಂಡಿನಲ್ಲಿ ಅವಳಿಗಿಂತ ಎರಡು ವರ್ಷ ಚಿಕ್ಕವಳಾದ ಆ ಇನ್ನೊಬ್ಬ ಹುಡುಗಿ ತನ್ನ ಜಿಲ್ಲೆಯ ಅಂಗಿ ತೊಟ್ಟು ಮೈದಾನಕ್ಕಿಳಿಯುತ್ತಿದ್ದಳು.

ಈಗ ಆ ಮೂರು ಬೆರಳಿನ ಲೆಕ್ಕಕ್ಕೆ ಬರುತ್ತೇನೆ. ಶಾಂತಾ ಅವರಲ್ಲಿ ಪ್ರತಿಭೆ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿಭೆ ನಮ್ಮ ಬಯಲಿನಲ್ಲೂ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಅವರನ್ನು ಏಳು ವರ್ಷದ ಬರಗಾಲದಲ್ಲೂ ಆಟದಲ್ಲಿ ಉಳಿಸಿದ್ದು ಏನು? ಒಂದು ಅಂಗಳ, ತಡೆಯದ ಮನೆ, ತಿಂಗಳ ಸಂಬಳ, ಮತ್ತು ಜೊತೆಗೆ ಆಡುವ ಹತ್ತು ಹೆಣ್ಣುಮಕ್ಕಳು. ಅವರ ಹಟವನ್ನೂ ಸೇರಿಸಿಕೊಳ್ಳಿ. ಆದರೆ ಬರೀ ಹಟದಿಂದ ಹದಿಮೂರರ ಹುಡುಗಿ ಬಸ್ ಹತ್ತಲಾರಳು. ಚರಿತ್ರೆಯ ಪುಸ್ತಕದಲ್ಲಿ ಗೆದ್ದವರ ಹೆಸರಿರುತ್ತದೆ; ಬಾಗಿಲಿಗೆ ಅಡ್ಡ ಕೂರದೆ ಪಕ್ಕಕ್ಕೆ ಸರಿದವರ ಹೆಸರು ಇರುವುದಿಲ್ಲ. ನನ್ನ ಮಟ್ಟಿಗೆ ಆ ಸರಿದವರೂ ಚರಿತ್ರೆಯೇ.

ಕಾಲ ಬದಲಾಯಿತು, ಇಲ್ಲವೆನ್ನಲಾರೆ. ಹೆಣ್ಣುಮಕ್ಕಳ ಕ್ರಿಕೆಟ್ 2006ರಲ್ಲಿ ದೊಡ್ಡ ಮಂಡಳಿಯ ಆಶ್ರಯಕ್ಕೆ ಬಂತು. 2017ರ ಮಾರ್ಚಿನಲ್ಲಿ ಆ ಮಂಡಳಿ ಮಹಿಳೆಯರಿಗೆಂದು ಮೊದಲ ಸಲ ಕೊಟ್ಟ ಜೀವಮಾನ ಸಾಧನೆಯ ಪ್ರಶಸ್ತಿ ಶಾಂತಾ ಅವರಿಗೆ ಬೆಂಗಳೂರಿನಲ್ಲೇ ಸಂದಿತು. 2019ರಲ್ಲಿ ಅವರು ಆಟಗಾರರ ಪ್ರತಿನಿಧಿಯಾಗಿ ಮಂಡಳಿಯ ಉನ್ನತ ಸಮಿತಿಗೂ ಹೋದರು. 2022ರ ಅಕ್ಟೋಬರಿನಲ್ಲಿ ಹೆಣ್ಣಿಗೂ ಗಂಡಿಗೂ ಪಂದ್ಯದ ಸಂಭಾವನೆ ಒಂದೇ ಎಂದು ಘೋಷಣೆಯಾಯಿತು: ಒಂದು ಟೆಸ್ಟಿಗೆ 15 ಲಕ್ಷ ರೂಪಾಯಿ. ನೆಲದ ಮೇಲೆ ಮಲಗಿ ಆಡಿ ಬಂದವರಿಗೆ ಇದನ್ನು ಕೇಳಿ ಹೇಗನ್ನಿಸಿರಬೇಡ! 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ, ನಾನು ಯಳಂದೂರಿನ ಮನೆಯಲ್ಲಿ ಟೀವಿಯ ಮುಂದೆ ಕೂತು ತಾರೀಖು ಲೆಕ್ಕ ಹಾಕಿದೆ. ಬೆಂಗಳೂರಿನ ಆ ಮೊದಲ ಟೆಸ್ಟ್ ಮುಗಿದದ್ದೂ ನವೆಂಬರ್ 2ರಂದೇ. ಸರಿಯಾಗಿ ನಲವತ್ತೊಂಬತ್ತು ವರ್ಷ.

ಅದೇ 2025ರ ಜನವರಿಯಲ್ಲಿ ಇನ್ನೊಂದು ಸುದ್ದಿ ನನಗೆ ಅದಕ್ಕಿಂತಲೂ ಹತ್ತಿರದ್ದು. ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಹೆಣ್ಣುಮಕ್ಕಳು ನೇಪಾಳವನ್ನು ಸೋಲಿಸಿ ಗೆದ್ದರು. ಆ ತಂಡದಲ್ಲಿ ಬಿ. ಚೈತ್ರ ಇದ್ದಳು. ಎಲ್ಲಿಯವಳು ಗೊತ್ತೇ? ನಮ್ಮ ನೆರೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವಳು. ಲಂಡನ್ನಿನವಳಲ್ಲ, ಬೆಂಗಳೂರಿನವಳೂ ಅಲ್ಲ, ಕುರುಬೂರಿನವಳು! ಆ ದಿನ ಸಂತೋಷಪಟ್ಟೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕುರುಬೂರಿನಲ್ಲಿ ಆಗುವಂಥದು ಹನೂರಿನಲ್ಲಿ ಆಗುತ್ತಿರಲಿಲ್ಲವೇ?

ನಾಲ್ಕೈದು ವರ್ಷದ ಹಿಂದೆ, ಕೆಲಸದಿಂದ ನಿವೃತ್ತಳಾದ ಮೇಲೆ, ಮಾದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ನನಗೆ ಜಾಗ ಕೊಟ್ಟಳು. "ಗುರುತು ಸಿಗಲಿಲ್ವಾ ಮೇಡಂ?" ಎಂದಳು. ಕೋಲಿನಂಥ ಕಾಲಿನ ಆ ಹುಡುಗಿ. ಮೈ ತುಂಬಿಕೊಂಡಿದ್ದಳು, ತಲೆಯಲ್ಲಿ ಎರಡು ಬಿಳಿ ಎಳೆ. ಮಕ್ಕಳು, ಮೊಮ್ಮಗು, ಹೊಲ, ಗಂಡನ ಮಂಡಿನೋವು ಎಲ್ಲ ಹೇಳಿದಳು. ನಾನು ಆ ಮಾತನ್ನು ಎತ್ತಬೇಕೆಂದು ಬಾಯಿಯವರೆಗೆ ತಂದುಕೊಂಡು ನುಂಗುತ್ತಿದ್ದೆ. ಅವಳೇ ಎತ್ತಿದಳು, ಸಿಟ್ಟೇನೂ ಇಲ್ಲದೆ, ನಿನ್ನೆ ಮೊನ್ನೆಯ ಮಾತಿನಂತೆ.

"ಮೇಡಂ, ಆ ವರ್ಷ ನಾನು ಬರನಿಲ್ಲವಲ್ಲ, ನಮ್ಮ ಟೀಮು ಗೆದ್ದಿತ್ತಾ?"

ತಂಡ ಹೋಗಲೇ ಇಲ್ಲವೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಆ ದಿನ ಮನೆಯಲ್ಲಿ ಕೂತು, ತಾನಿಲ್ಲದೆಯೂ ಗೆಳತಿಯರು ಕೊಳ್ಳೇಗಾಲದ ಮೈದಾನದಲ್ಲಿ ಓಡುತ್ತಿದ್ದಾರೆಂದು ನೆನೆದುಕೊಂಡಿದ್ದಳು. ಮೂವತ್ತು ವರ್ಷ ಆ ಆಟವನ್ನು ಮನಸ್ಸಿನೊಳಗೆ ಆಡಿಸಿಕೊಂಡಿದ್ದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಕಣಮ್ಮ, ನೀನಿಲ್ಲದೆ ಯಾರೂ ಹೋಗಲಿಲ್ಲ. ನಾನು ನಿಮ್ಮ ಮನೆಗೆ ಇನ್ನೊಂದು ಸಲ ಬರಬೇಕಿತ್ತು, ಬರಲಿಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದಳು. ತಾಳುಬೆಟ್ಟದ ತಿರುವು ಹತ್ತಿರ ಬರುತ್ತಿತ್ತು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಬಂದಿದ್ರೆ ಅಪ್ಪ ಕಳಿಸ್ತಿದ್ರು" ಎಂದಳು.

ಅವಳು ಅದನ್ನು ನನ್ನನ್ನು ನೋಯಿಸಲು ಹೇಳಲಿಲ್ಲ. ತನ್ನ ತಂದೆ ಒಳ್ಳೆಯವರೆಂದು ಹೇಳಲು ಹೇಳಿದಳು.